ಟೆಸ್ಟ್ ಮಾಡಿಸದ ಗಂಡ ನೆಮ್ಮದಿಯಾಗಿದ್ದಾರೆ. ಆ ನೆಮ್ಮದಿ ಕೆಡಿಸಬೇಕೇ?

ಪ್ರಶ್ನೆ: ನಮ್ಮ ಯಜಮಾನ್ರಿಗೆ 51 ವರ್ಷ. ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಎರಡು ವರ್ಷದ ಹಿಂದೆ ಡಾಕ್ಟರ್ ಶುಗರ್ ಇದೆ ಎಂದರು. ಇವರು ಮಾತ್ರ ‘ಬಾರ್ಡರ್‌ಲೈನ್ ಅಷ್ಟೇ’ ಅನ್ನುತ್ತಾರೆ. ಮಾತ್ರೆ ಮುಟ್ಟುವುದಿಲ್ಲ. ನಾನು ಜಗಳ ಮಾಡಿದರೆ ಮೂರು ದಿನ ಅನ್ನ, ಸಿಹಿ ಎಲ್ಲ ಬಿಟ್ಟು, ಖಾಲಿ ಹೊಟ್ಟೆಯ ಟೆಸ್ಟ್ ಮಾಡಿಸಿ, ‘ನೋಡು, ಅಂಥದ್ದೇನೂ ಇಲ್ಲ’ ಎಂದು ರಿಪೋರ್ಟ್ ತೋರಿಸುತ್ತಾರೆ. ಮಾವನವರು ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು, ಡಯಾಲಿಸಿಸ್ ಮಾಡಿಸಿಕೊಂಡು ಹೋದರು. ಆದರೂ ಇವರು ನಗುನಗುತ್ತಾ ಇರುತ್ತಾರೆ. ತಲೆ ದಿಂಬಿಗೆ ತಾಗಿದ ಕೂಡಲೇ ನಿದ್ದೆ. ನಾನು ಅವರು ರಾತ್ರಿ ಎಷ್ಟು ಸಲ ಎದ್ದರು ಎಂದು ಎಣಿಸುತ್ತಾ ಮಲಗಿರುತ್ತೇನೆ. ಒಮ್ಮೊಮ್ಮೆ ಅನಿಸುತ್ತೆ, ತನಗೆ ತಾನೇ ಸುಳ್ಳು ಹೇಳಿಕೊಳ್ಳುವವರೇ ಸುಖವಾಗಿರುವುದಾ? ನಿಜ ನೋಡುವವರಿಗೆ ದುಃಖವೇ ಗತಿಯಾ? ಅವರ ಖುಷಿ ಕೆಡಿಸುವ ಹಕ್ಕು ನನಗಿದೆಯಾ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮಗೆ ಹಕ್ಕಿದೆ. ಅವರ ನೆಮ್ಮದಿಗೆ ನಿಮ್ಮ ನಿದ್ದೆ ಖರ್ಚಾಗುತ್ತಿದೆ. ಅವರು ನೋಡದೆ ಬಿಟ್ಟದ್ದನ್ನೆಲ್ಲ ಮನೆಯಲ್ಲಿ ಇನ್ನೊಬ್ಬರು ನೋಡುತ್ತಾ ಕೂರಬೇಕಾಗಿದೆ. ಆ ಇನ್ನೊಬ್ಬರು ನೀವು. ಆತ್ಮವಂಚನೆ ಒಳ್ಳೆಯದೋ ಕೆಟ್ಟದ್ದೋ ಎಂದು ಚರ್ಚೆ ಮಾಡುವವರು ಸಾಮಾನ್ಯವಾಗಿ ಒಬ್ಬ ಮನುಷ್ಯನನ್ನು ಮಾತ್ರ ಎದುರಿಗಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಸಂಸಾರದಲ್ಲಿ ಆ ಲೆಕ್ಕ ಸಾಲದು. ಶುಗರ್ ಇರಲಿ, ಸಾಲ ಇರಲಿ, ಕುಡಿತ ಇರಲಿ, ಯಾವ ಕುಟುಂಬ ನನ್ನ ಹತ್ತಿರ ಸಮಾಲೋಚನೆಗೆ ಬಂದರೂ ನಾನು ಮೊದಲು ಕೇಳುವುದು ‘ಮನೆಯಲ್ಲಿ ಯಾರಿಗೆ ನಿದ್ದೆ ಬರುತ್ತಿಲ್ಲ?’ ಎಂದು. ಬಹಳ ಸಲ ‘ನನಗೆ’ ಎನ್ನುವುದು ತೊಂದರೆ ಇರುವವರಲ್ಲ, ಅವರ ಪಕ್ಕದಲ್ಲಿ ಕೂತವರು.

ಹಾಗಂತ ನಿಮ್ಮ ಮೊದಲ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮನಶ್ಶಾಸ್ತ್ರದಲ್ಲಿ ಈ ಜಗಳ ನಾಲ್ಕು ದಶಕದಿಂದ ನಡೆದಿದೆ. ಅದಕ್ಕೂ ಮುಂಚೆ ಎಲ್ಲರೂ ಒಪ್ಪಿದ್ದ ಮಾತು ಒಂದೇ: ಮನಸ್ಸು ಆರೋಗ್ಯವಾಗಿದೆ ಎಂದರೆ ಅದು ಇದ್ದದ್ದನ್ನು ಇದ್ದ ಹಾಗೆ ನೋಡುತ್ತದೆ. 1988ರಲ್ಲಿ ಅಮೆರಿಕದ ಶೆಲ್ಲಿ ಟೇಲರ್ ಮತ್ತು ಜೊನಾಥನ್ ಬ್ರೌನ್ ಇದನ್ನೇ ಪ್ರಶ್ನಿಸಿದರು. ಮಾಮೂಲಿಯಾಗಿ ಬದುಕುವ, ನಗುವ, ದುಡಿಯುವ ಜನರಲ್ಲಿ ಮೂರು ಭ್ರಮೆಗಳು ಸಾಮಾನ್ಯ ಎಂದು ತೋರಿಸಿದರು. ನಾನು ಬೇರೆಯವರಿಗಿಂತ ಒಂದು ಕೈ ಮೇಲು. ನನ್ನ ಬದುಕು ನನ್ನ ಹಿಡಿತದಲ್ಲಿದೆ. ಮುಂದೆ ನನಗೆ ಒಳ್ಳೆಯದೇ ಆಗುತ್ತದೆ. ಈ ಮೂರು ನಂಬಿಕೆ ಇದ್ದವರು ಹೆಚ್ಚು ಖುಷಿಯಾಗಿರುತ್ತಾರೆ, ಕೆಲಸದಲ್ಲಿ ಸುಲಭವಾಗಿ ಕೈಬಿಡುವುದಿಲ್ಲ, ಬೇರೆಯವರನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ಅವರ ವಾದ. ಈ ಭ್ರಮೆ ಎಷ್ಟು ಸಾಮಾನ್ಯ ಅಂದರೆ, 1981ರಲ್ಲಿ ಓಲಾ ಸ್ವೆನ್ಸನ್ ಎಂಬುವರು ಗಾಡಿ ಓಡಿಸುವವರನ್ನು ಕೇಳಿದಾಗ ಅಮೆರಿಕದ ವಿದ್ಯಾರ್ಥಿಗಳಲ್ಲಿ 93% ಮಂದಿ ತಮ್ಮನ್ನು ಚೆನ್ನಾಗಿ ಓಡಿಸುವ ಮೇಲಿನ ಅರ್ಧದಲ್ಲಿ ಸೇರಿಸಿಕೊಂಡಿದ್ದರು. ಮೇಲಿನ ಅರ್ಧದಲ್ಲಿ 50% ಮಂದಿಗೆ ಮಾತ್ರ ಜಾಗ ಇರುವುದು, ಅಲ್ವಾ?

ಇಂಥ ಭ್ರಮೆಗಳ ಮೇಲೆ ನನಗೆ ಕೋಪವಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀವಿ. ಆ ಮುದ್ದು ಇಲ್ಲದಿದ್ದರೆ ರಾತ್ರಿಯೆಲ್ಲ ಅಳುವ ಕೂಸನ್ನು ಯಾರು ಎತ್ತಿಕೊಂಡು ತಿರುಗುತ್ತಿದ್ದರು? ಗಂಡ ಹೆಂಡತಿ ವಿಷಯದಲ್ಲೂ ಹೀಗೇ. ಸಾಂಡ್ರಾ ಮರ್ರೆ ಮತ್ತು ಅವರ ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ತಮ್ಮ ಸಂಗಾತಿಯನ್ನು ಆ ಸಂಗಾತಿ ತನ್ನನ್ನು ತಾನು ನೋಡಿಕೊಳ್ಳುವುದಕ್ಕಿಂತ ಚೆನ್ನಾಗಿ ಕಂಡವರೇ ಹೆಚ್ಚು ತೃಪ್ತರಾಗಿದ್ದರು. ಪ್ರೀತಿಸುತ್ತಿದ್ದ ಜೋಡಿಗಳನ್ನು ಒಂದು ವರ್ಷ ಗಮನಿಸಿದಾಗ, ಹೀಗೆ ಕಂಡವರ ಸಂಬಂಧ ಉಳಿಯುವುದೇ ಜಾಸ್ತಿ ಎಂದು ಗೊತ್ತಾಯಿತು. ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಕಾಲ ಕಳೆದಂತೆ ಆ ಸಂಗಾತಿಗಳೂ ತಮ್ಮನ್ನು ತಾವು ಅದೇ ಒಳ್ಳೆಯ ಕಣ್ಣಿಂದ ನೋಡಿಕೊಳ್ಳಲು ಶುರು ಮಾಡಿದ್ದರು. ಅಂದರೆ ನೀವು ನಿಮ್ಮ ಯಜಮಾನ್ರನ್ನು ಊರಿಗೇ ಒಳ್ಳೆಯ ಮನುಷ್ಯ ಎಂದು ನಂಬಿದ್ದರೆ ನಂಬಿ. ಅದನ್ನು ಯಾವ ಲ್ಯಾಬಿಗೂ ಕಳಿಸಬೇಕಾಗಿಲ್ಲ.

ನಿಜ ನೋಡುವವರಿಗೆ ದುಃಖವೇ ಗತಿಯಾ ಎಂದು ಕೇಳಿದ್ದೀರಿ. ಇದಕ್ಕೆ ಹೌದು ಎನ್ನುವವರು ಈಗಲೂ ಇದ್ದಾರೆ. ಕಾರಣ 1979ರ ಒಂದು ಪ್ರಯೋಗ. ಲಾರೆನ್ ಅಲಾಯ್ ಮತ್ತು ಲಿನ್ ಅಬ್ರಾಮ್ಸನ್ ವಿದ್ಯಾರ್ಥಿಗಳ ಕೈಗೆ ಒಂದು ಗುಂಡಿ ಕೊಟ್ಟರು. ಒತ್ತಿದರೆ ಒಮ್ಮೊಮ್ಮೆ ಹಸಿರು ದೀಪ ಹತ್ತುತ್ತಿತ್ತು, ಒತ್ತದಿದ್ದರೂ ಒಮ್ಮೊಮ್ಮೆ ಹತ್ತುತ್ತಿತ್ತು. ದೀಪ ನಿಮ್ಮ ಹಿಡಿತದಲ್ಲಿ ಎಷ್ಟಿತ್ತು ಎಂದು ಕೇಳಿದಾಗ, ಖಿನ್ನತೆಯ ಲಕ್ಷಣ ಇದ್ದವರು ಹೆಚ್ಚು ಸರಿಯಾದ ಅಂದಾಜು ಹೇಳಿದರು. ಆರಾಮಾಗಿದ್ದವರು ಇಲ್ಲದ ಹಿಡಿತ ಇದೆ ಎಂದುಕೊಂಡರು. ದುಃಖಿಗಳೇ ಜಾಣರು ಎಂಬ ಮಾತು ಅಲ್ಲಿಂದ ಹುಟ್ಟಿ ಪುಸ್ತಕ, ಭಾಷಣಗಳಲ್ಲೆಲ್ಲ ಹರಡಿತು. ಆದರೆ 2022ರಲ್ಲಿ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಹೆಚ್ಚು ಜನರ ಮೇಲೆ ಮಾಡಿ ನೋಡಿದರು. ಆ ಫಲಿತಾಂಶ ಮತ್ತೆ ಬರಲಿಲ್ಲ. ಹಾಗಾಗಿ ದುಃಖ ನಿಜದ ಗುರುತು ಎಂದು ಇಟ್ಟುಕೊಳ್ಳಬೇಡಿ. ನಿಮ್ಮ ವಿಷಯದಲ್ಲಿ ಇದು ಮುಖ್ಯ. ಮುಂದೆ ಹೇಳುತ್ತೇನೆ.

ಈಗ ನಿಮ್ಮ ಮನೆಯ ಆ ಮೂರು ದಿನದ ಪಥ್ಯಕ್ಕೆ ಬರೋಣ. ನಿಮ್ಮ ಪತ್ರ ಓದುವಾಗ ನನಗೆ ತಕ್ಷಣ ನೆನಪಾದದ್ದು 1984ರಲ್ಲಿ ಜಾರ್ಜ್ ಕ್ವಾಟ್ರೋನ್ ಮತ್ತು ಏಮಸ್ ಟ್ವೆರ್ಸ್ಕಿ ಪ್ರಕಟಿಸಿದ ಪ್ರಯೋಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ವಿದ್ಯಾರ್ಥಿಗಳು ತಮ್ಮ ತೋಳನ್ನು ಕೊರೆಯುವ ತಣ್ಣೀರಿನಲ್ಲಿ ಇಟ್ಟುಕೊಂಡು, ತಡೆಯಲಾರದೆ ಹೋದಾಗ ತೆಗೆಯಬೇಕು. ಆಮೇಲೆ ವ್ಯಾಯಾಮದ ಸೈಕಲ್ ತುಳಿಯಬೇಕು. ಆಮೇಲೆ ಅವರಿಗೊಂದು ಪಾಠ. ಹೃದಯದಲ್ಲಿ ಎರಡು ಬಗೆ ಇದೆ, ಒಂದು ಬಗೆಯವರು ಹೆಚ್ಚು ಕಾಲ ಬದುಕುತ್ತಾರೆ, ಇನ್ನೊಂದು ಬಗೆಯವರಿಗೆ ಕಾಯಿಲೆ ಜಾಸ್ತಿ, ಆಯಸ್ಸು ಕಡಿಮೆ ಎಂದು ಹೇಳಿದರು. ಅರ್ಧ ಜನಕ್ಕೆ ‘ಗಟ್ಟಿ ಹೃದಯದವರು ವ್ಯಾಯಾಮದ ನಂತರ ತಣ್ಣೀರನ್ನು ಹೆಚ್ಚು ಹೊತ್ತು ತಡೆಯುತ್ತಾರೆ’ ಎಂದರು. ಇನ್ನರ್ಧ ಜನಕ್ಕೆ ಅದರ ಉಲ್ಟಾ. ಮತ್ತೆ ತೋಳು ನೀರಿಗೆ. ಏನಾಯಿತು ಊಹಿಸಿ. ಹೆಚ್ಚು ಹೊತ್ತು ತಡೆದರೆ ಒಳ್ಳೆಯದು ಎಂದು ಕೇಳಿದ್ದವರಲ್ಲಿ ಹೆಚ್ಚಿನವರು ಮೊದಲಿಗಿಂತ ಹೆಚ್ಚು ಹೊತ್ತು ತಡೆದರು. ಬೇಗ ತೆಗೆದರೆ ಒಳ್ಳೆಯದು ಎಂದು ಕೇಳಿದ್ದವರು ಬೇಗ ತೆಗೆದರು. ಬೇಕೆಂದೇ ಹಾಗೆ ಮಾಡಿದಿರಾ ಎಂದು ಕೇಳಿದರೆ 38 ಮಂದಿಯಲ್ಲಿ ಒಪ್ಪಿಕೊಂಡವರು 9 ಮಂದಿ ಮಾತ್ರ. ಉಳಿದವರು ‘ಇಲ್ಲಪ್ಪ, ನಾನು ತಡೆದಷ್ಟು ಹೊತ್ತು ತಡೆದೆ’ ಎಂಬ ಧಾಟಿಯಲ್ಲೇ ಇದ್ದರು. ಹಾಗೆ ಒಪ್ಪಿಕೊಳ್ಳದವರಲ್ಲೇ ‘ನನ್ನದು ಗಟ್ಟಿ ಹೃದಯ’ ಎಂಬ ನಂಬಿಕೆ ಜಾಸ್ತಿ ಇತ್ತು.

ಕೈ ಎಷ್ಟು ಹೊತ್ತು ನೀರಿನಲ್ಲಿದ್ದರೂ ಎದೆಯೊಳಗಿನ ಹೃದಯ ಬದಲಾಗುವುದಿಲ್ಲ. ಅದು ಆ ವಿದ್ಯಾರ್ಥಿಗಳಿಗೂ ಗೊತ್ತು. ಆದರೂ ಗುರುತನ್ನು ತಿದ್ದಿ, ರೋಗವನ್ನೇ ತಿದ್ದಿದೆವು ಎಂಬ ಸಮಾಧಾನ ಪಡೆದರು. ತಿದ್ದಿದ್ದು ತಾವೇ ಎಂದು ಗೊತ್ತಾಗದಿದ್ದರೆ ಮಾತ್ರ ಆ ಸಮಾಧಾನ ಸಿಗುತ್ತದೆ. ನಿಮ್ಮ ಯಜಮಾನ್ರು ಮೂರು ದಿನ ಅನ್ನ ಬಿಟ್ಟು ಲ್ಯಾಬಿಗೆ ಹೋಗುವಾಗ ನಡೆಯುತ್ತಿರುವುದು ಇದೇ. ಅವರು ನಿಮಗೆ ಮೋಸ ಮಾಡುತ್ತಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ಆ ರಿಪೋರ್ಟನ್ನು ಅವರು ನಿಜವಾಗಿ ನಂಬುತ್ತಾರೆ. ಜೊತೆಗೆ, ಹೇಗಾದರೂ ಸರಿ, ಆ ಅಂಕಿ ಕಡಿಮೆ ಬರಲಿ ಎಂದು ಮೂರು ದಿನ ಮುಂಚೆಯೇ ಕೆಲಸ ಶುರು ಮಾಡುತ್ತಾರೆ. ಎರಡೂ ಒಟ್ಟಿಗೆ ಒಬ್ಬರ ತಲೆಯಲ್ಲಿ ಇರುತ್ತವೆ.

ನನ್ನ ಪ್ರಕಾರ ಒಳ್ಳೆಯ ಭ್ರಮೆಗೂ ಕೆಟ್ಟ ಭ್ರಮೆಗೂ ಇರುವ ಗೆರೆ ಇಲ್ಲೇ. ಸುಳ್ಳು ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯವಲ್ಲ. ಅದನ್ನು ದಿನಾ ಕಾಯಬೇಕಾ, ಅದಷ್ಟೇ ನೋಡಿ. ಮಗು ಮುದ್ದು ಎಂಬ ನಂಬಿಕೆಯನ್ನು ಯಾವ ತಾಯಿಯೂ ಕಾವಲು ಕಾಯುವುದಿಲ್ಲ. ‘ನನಗೆ ಶುಗರ್ ಇಲ್ಲ’ ಎಂಬ ನಂಬಿಕೆಗೆ ಕಾವಲು ಬೇಕು. ಪಥ್ಯ ಮಾಡಬೇಕು. ಸರಿಯಾದ ಟೆಸ್ಟ್ ತಪ್ಪಿಸಬೇಕು. ಹೆಂಡತಿ ಬಾಯಿ ತೆಗೆದರೆ ಮಾತು ತಿರುಗಿಸಬೇಕು. ಅಪ್ಪನ ಕಾಲು ನೆನಪಾದರೆ ಟಿವಿ ಹಾಕಬೇಕು. ಇಷ್ಟೆಲ್ಲ ದುಡಿಮೆ ಬೇಡುವ ಸ್ಥಿತಿಯನ್ನು ನೆಮ್ಮದಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

‘ಆದರೆ ಅವರು ಖುಷಿಯಾಗಿದ್ದಾರಲ್ಲ’ ಎಂದು ನೀವು ಕೇಳಬಹುದು. ಖುಷಿಯಾಗಿದ್ದೀರಾ ಎಂದು ಕೇಳಿ ಬರೆದುಕೊಂಡರೆ ಸಿಗುವ ಉತ್ತರ ಎಷ್ಟು ನಿಜ? ಜೊನಾಥನ್ ಶೆಡ್ಲರ್ ಮತ್ತು ಜೊತೆಗಾರರು 1993ರಲ್ಲಿ ಇದನ್ನೇ ಪರೀಕ್ಷಿಸಿದರು. ಪ್ರಶ್ನಾವಳಿಯಲ್ಲಿ ‘ನಾನು ಆರಾಮ’ ಎಂದು ಬರೆದವರ ಬಾಲ್ಯದ ನೆನಪುಗಳನ್ನು ಅನುಭವಿ ಚಿಕಿತ್ಸಕರಿಂದ ಓದಿಸಿದರು. ಕೆಲವರು ನಿಜಕ್ಕೂ ಆರಾಮ ಎಂದು ಕಂಡಿತು. ಇನ್ನು ಕೆಲವರಲ್ಲಿ ಒಳಗೆ ಸಂಕಟ ಇರುವುದು ಕಂಡಿತು. ಒತ್ತಡದ ಕೆಲಸ ಕೊಟ್ಟಾಗ ಈ ಎರಡನೇ ಗುಂಪಿನವರ ಎದೆಬಡಿತ, ರಕ್ತದೊತ್ತಡ ಹೆಚ್ಚು ಏರಿತು. ಬಾಯಿ ಆರಾಮ ಎನ್ನುತ್ತಿತ್ತು, ದೇಹ ಒಪ್ಪಿರಲಿಲ್ಲ. ಶುಗರ್ ಮಾತು ಬಂದಾಗ ನಿಮ್ಮ ಯಜಮಾನ್ರ ಮುಖ ನೋಡಿ. ನಗುತ್ತಿದ್ದವರು ಸಿಡುಕುತ್ತಾರಾ? ಎದ್ದು ಹೋಗುತ್ತಾರಾ? ಹಾಗಿದ್ದರೆ ಅವರಿಗೆ ಒಳಗೊಳಗೇ ಗೊತ್ತಿದೆ.

ನಿರಾಕರಣೆಗೂ ಒಂದು ಒಳ್ಳೆಯ ಕಾಲ ಇದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಸ್ಪತ್ರೆ ಸೇರಿದ್ದ ಹೃದ್ರೋಗಿಗಳದ್ದು. ‘ನನಗೆ ಅಂಥದ್ದೇನಾಗಿಲ್ಲ’ ಎನ್ನುತ್ತಿದ್ದವರು ತೀವ್ರ ನಿಗಾ ಘಟಕದಲ್ಲಿ ಕಳೆದದ್ದು ಕಡಿಮೆ ದಿನ. ಆ ಗಾಬರಿಯ ಹೊತ್ತಿನಲ್ಲಿ ನಿರಾಕರಣೆ ಅವರನ್ನು ಕಾಪಾಡಿತು. ಮನೆಗೆ ಹೋದ ಮೇಲಿನ ಒಂದು ವರ್ಷದಲ್ಲಿ ಕಥೆ ತಿರುಗಿತು. ಅದೇ ಜನ ಡಾಕ್ಟರ್ ಹೇಳಿದ್ದನ್ನು ಪಾಲಿಸಲಿಲ್ಲ, ಮತ್ತೆ ಹೆಚ್ಚು ದಿನ ಆಸ್ಪತ್ರೆಯಲ್ಲಿ ಕಳೆದರು. ನಿಮ್ಮ ಯಜಮಾನ್ರಿಗೂ ಸುದ್ದಿ ಕೇಳಿದ ಮೊದಲ ವಾರ ‘ಬಾರ್ಡರ್‌ಲೈನ್’ ಎನ್ನುವ ಮಾತು ಬೇಕಿತ್ತೇನೋ. ತಂದೆಯನ್ನು ಹಾಗೆ ಕಳೆದುಕೊಂಡ ಮಗನಿಗೆ ಅಷ್ಟು ಉಸಿರಾಡಲು ಜಾಗ ಬೇಕು. ಆದರೆ ಎರಡು ವರ್ಷ ಜಾಸ್ತಿಯಾಯಿತು.

ಯಾಕೆ ಜಾಸ್ತಿ ಎನ್ನುತ್ತೇನೆ ಅಂದರೆ, ಈ ಕಾಯಿಲೆಯಲ್ಲಿ ಮೊದಲ ವರ್ಷಗಳಿಗೆ ಬೆಲೆ ಹೆಚ್ಚು. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ 1998ರಲ್ಲಿ ಫಲಿತಾಂಶ ಕೊಟ್ಟ ದೊಡ್ಡ ಅಧ್ಯಯನವೊಂದಿದೆ. ಆಗಷ್ಟೇ ಶುಗರ್ ಪತ್ತೆಯಾದವರಲ್ಲಿ ಕೆಲವರಿಗೆ ಬಿಗಿಯಾದ ಚಿಕಿತ್ಸೆ, ಉಳಿದವರಿಗೆ ಆ ಕಾಲದ ಮಾಮೂಲಿ ಚಿಕಿತ್ಸೆ ಕೊಟ್ಟಿದ್ದರು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನ ಶುಗರ್ ಬೇಗನೆ ಒಂದೇ ಮಟ್ಟಕ್ಕೆ ಬಂತು. ಆದರೂ 2008ರಲ್ಲಿ ಮತ್ತೆ ನೋಡಿದಾಗ ಮೊದಲೇ ಹಿಡಿತದಲ್ಲಿ ಇಟ್ಟವರಿಗೆ ಅದರ ಲಾಭ ಉಳಿದೇ ಇತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ನಿಮ್ಮಂಥ ಮನೆ ಪ್ರತಿ ಬೀದಿಯಲ್ಲೂ ಇದೆ ಎಂದೇ ಇದರ ಅರ್ಥ.

ಈಗ ನಿಮ್ಮ ಕಡೆಗೆ. ಬೇಜಾರು ಮಾಡಿಕೊಳ್ಳಬೇಡಿ. ಅವರು ಭ್ರಮೆಯಲ್ಲಿದ್ದಾರೆ, ನಾನು ನಿಜ ನೋಡುತ್ತಿದ್ದೇನೆ ಎಂದುಕೊಂಡಿದ್ದೀರಿ. ರಾತ್ರಿ ಅವರು ಏಳುವುದನ್ನು ಎಣಿಸುವಾಗ ನಿಮ್ಮ ಕಣ್ಣ ಮುಂದೆ ಬರುವುದು ಮಾವನವರ ಡಯಾಲಿಸಿಸ್ ಅಲ್ವಾ? ಅದೂ ಇನ್ನೂ ನಡೆಯದ ಕಥೆ. ಅವರ ಅಪ್ಪನ ಕಾಲದಲ್ಲಿ ಕಾಯಿಲೆ ಯಾವಾಗ ಪತ್ತೆಯಾಯಿತು, ಏನು ಚಿಕಿತ್ಸೆ ಸಿಕ್ಕಿತು, ಇವರಿಗೆ ಈಗ ಎಷ್ಟಿದೆ, ಇದೆಲ್ಲ ಬೇರೆ ಬೇರೆ. ಅವರ ಸಮಾಧಾನಕ್ಕೆ ಆಧಾರವಿಲ್ಲ. ನಿಮ್ಮ ಭಯಕ್ಕೂ ಸರಿಯಾದ ಅಂಕಿ ಸಿಕ್ಕಿಲ್ಲ. ಬ್ರಿಟನ್ನಿನಲ್ಲಿ ಜನರ ಹಣಕಾಸಿನ ನಿರೀಕ್ಷೆಯನ್ನು 18 ವರ್ಷಗಳ ಸಮೀಕ್ಷೆಯಲ್ಲಿ ಅವರಿಗೆ ನಿಜವಾಗಿ ಆದದ್ದರ ಜೊತೆ ಹೋಲಿಸಿದ್ದಾರೆ. ಅತಿಯಾಗಿ ಒಳ್ಳೆಯದನ್ನು ನಿರೀಕ್ಷಿಸಿದವರೂ, ಅತಿಯಾಗಿ ಕೆಟ್ಟದ್ದನ್ನು ನಿರೀಕ್ಷಿಸಿದವರೂ, ಸರಿಯಾಗಿ ಅಂದಾಜು ಮಾಡಿದವರಿಗಿಂತ ಕಡಿಮೆ ತೃಪ್ತರಾಗಿದ್ದರು. ನಿಮ್ಮ ಮನೆಯಲ್ಲಿ ಎರಡೂ ಬಗೆಯವರು ಒಂದೇ ಮಂಚದ ಮೇಲೆ ಮಲಗಿದ್ದೀರಿ. ಹಾಗಾಗಿ ಪರೀಕ್ಷೆಯಿಂದ ಅವರ ಖುಷಿ ಮಾತ್ರ ಕೆಡುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಭಯವೂ ಅದರಿಂದ ಒಂದು ಅಳತೆಗೆ ಬರುತ್ತದೆ.

ಯಾವ ಪರೀಕ್ಷೆ? ಎಚ್‌ಬಿಎ1ಸಿ. ಮೂರು ತಿಂಗಳ ಶುಗರ್ ಟೆಸ್ಟ್ ಎಂದರೆ ಯಾವ ಲ್ಯಾಬಿನವರಿಗೂ ಗೊತ್ತು. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟು ದಿನ ರಕ್ತದಲ್ಲಿ ಎಷ್ಟು ಸಕ್ಕರೆ ಓಡಾಡಿತೋ ಅದರ ಗುರುತು ಅವುಗಳ ಮೇಲೆ ಉಳಿಯುತ್ತದೆ. ಮೂರು ದಿನದ ಪಥ್ಯದಿಂದ ಅದು ಅಳಿಸುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ, ಊಟ ಮಾಡಿಯೇ ಹೋಗಬಹುದು. ಸಾಮಾನ್ಯವಾಗಿ 5.7ರಿಂದ 6.4ರ ನಡುವೆ ಬಂದರೆ ಅದನ್ನು ಬಾರ್ಡರ್‌ಲೈನ್ ಎನ್ನಬಹುದು. 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಶುಗರ್. ರಕ್ತಹೀನತೆ ಇದ್ದರೆ ಈ ಅಂಕಿ ದಾರಿ ತಪ್ಪಿಸಬಹುದು, ಅದನ್ನು ಡಾಕ್ಟರಿಗೆ ಹೇಳಿ.

ಅವರನ್ನು ಒಪ್ಪಿಸುವುದು ಹೇಗೆ ಎಂಬುದೇ ಕಷ್ಟದ ಭಾಗ. ‘ನಿಮ್ಮಪ್ಪನ ಗತಿಯೇ ನಿಮಗೂ’ ಎಂಬ ಮಾತನ್ನು ಮೊದಲು ಬಿಡಿ. ಅದನ್ನು ಹೇಳಿದಾಗಲೆಲ್ಲ ಕಾವಲು ಬಿಗಿಯಾಗುತ್ತದೆ. ಮನುಷ್ಯ ತನ್ನ ಆರೋಗ್ಯದ ಬಗ್ಗೆ ಕೆಟ್ಟ ಸುದ್ದಿ ಕೇಳಲು ಸಿದ್ಧನಾಗುವುದು ತನಗೆ ಮುಖ್ಯವಾದದ್ದು ಗಟ್ಟಿಯಾಗಿದೆ ಎಂದು ಅನಿಸಿದಾಗ. ಕ್ಲಾಡ್ ಸ್ಟೀಲ್ 1988ರಲ್ಲಿ ಮಂಡಿಸಿದ ವಿಚಾರದ ಮೇಲೆ ಆಮೇಲೆ ಹಲವು ಪ್ರಯೋಗ ನಡೆದಿವೆ. ತಮಗೆ ಬೆಲೆಯುಳ್ಳದ್ದೇನು ಎಂದು ಮೊದಲು ನೆನೆದುಕೊಂಡವರು ಆಮೇಲೆ ತಮಗೆ ಹೆದರಿಕೆ ತರುವ ಆರೋಗ್ಯದ ಮಾಹಿತಿಯನ್ನು ಹೆಚ್ಚು ಸುಲಭವಾಗಿ ಒಪ್ಪಿಕೊಂಡಿದ್ದಾರೆ. ಹಾಗಾಗಿ ಮಾತನ್ನು ಕಾಯಿಲೆಯಿಂದ ಶುರು ಮಾಡಬೇಡಿ. ಅಂಗಡಿಯನ್ನು ಅವರು ಕಟ್ಟಿದ ರೀತಿ, ತಂದೆಯನ್ನು ಕೊನೆತನಕ ನೋಡಿಕೊಂಡದ್ದು, ಇದನ್ನು ಬಾಯಿಬಿಟ್ಟು ಹೇಳಿ. ಗಂಡಂದಿರಿಗೆ ಇಂಥ ಮಾತು ಕೇಳಿ ವರ್ಷಗಳೇ ಆಗಿರುತ್ತವೆ. ನಿಮ್ಮ ಮನಸ್ಸಿನಲ್ಲಿ ಅದು ಇದ್ದರೆ ಮಾತ್ರ ಹೇಳಿ, ತಂತ್ರ ಎಂದು ಹೇಳಿದರೆ ಅವರಿಗೆ ಗೊತ್ತಾಗುತ್ತದೆ.

ಆಮೇಲೆ ಕೇಳಬೇಕಾದದ್ದು ಒಂದೇ. ‘ಈ ಮೂರು ತಿಂಗಳ ಟೆಸ್ಟ್ ಇಬ್ಬರೂ ಮಾಡಿಸೋಣ. ನನಗೆ ನಿದ್ದೆ ಬರ್ತಿಲ್ಲ, ನನಗೋಸ್ಕರ.’ ಇದು ಸುಳ್ಳಲ್ಲ, ನಿಜಕ್ಕೂ ನಿಮಗೋಸ್ಕರವೇ. ‘ಮಾತ್ರೆ ಶುರು ಮಾಡಿದರೆ ಸಾಯೋತನಕ ನುಂಗಬೇಕು’ ಎಂಬ ಹೆದರಿಕೆ ಹಲವರಿಗೆ ಇರುತ್ತದೆ. ಆ ದಿನ ಮಾತ್ರೆಯ ಮಾತೇ ಎತ್ತಬೇಡಿ, ಬರೀ ಅಂಕಿ ನೋಡೋಣ ಎನ್ನಿ. ಅಂಕಿ ಬಂದ ಮೇಲೆ ಅದನ್ನು ಗೆದ್ದ ಹಾಗೆ ಎತ್ತಿ ತೋರಿಸಬೇಡಿ. ಅವರ ಎದುರಿಗಿಟ್ಟು ಡಾಕ್ಟರ್ ಹತ್ತಿರ ಯಾವಾಗ ಹೋಗೋಣ ಎಂದು ಮಾತ್ರ ಕೇಳಿ. ಏನಾದರೂ ಮಾಡಲು ಸಾಧ್ಯ ಎಂದು ಅನಿಸಿದರೆ ಸುಳ್ಳಿನ ಅಗತ್ಯ ಕಡಿಮೆಯಾಗುತ್ತದೆ. ಶುಗರ್ ವಿಷಯದಲ್ಲಿ ಮಾಡಲು ಬಹಳಷ್ಟಿದೆ: ನಡಿಗೆ, ತಟ್ಟೆಯಲ್ಲಿ ಅನ್ನದ ಅಳತೆ, ಮಾತ್ರೆ, ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರೀಕ್ಷೆ, ಕಿಡ್ನಿ ಪರೀಕ್ಷೆ, ಪಾದ ನೋಡಿಕೊಳ್ಳುವುದು.

ಒಂದು ವೇಳೆ ಅವರು ಪೂರ್ತಿ ನಿರಾಕರಿಸಿದರೆ, ಅಡುಗೆಯಲ್ಲಿ ಗುಟ್ಟಾಗಿ ಏನೋ ಬೆರೆಸುವುದು, ಮಾತ್ರೆ ಪುಡಿ ಮಾಡಿ ಹಾಕುವುದು ಮಾತ್ರ ಬೇಡ. ಅದು ಅಪಾಯ, ಗೊತ್ತಾದ ದಿನ ನಂಬಿಕೆಯೂ ಹೋಗುತ್ತದೆ. ಎರಡು ವರ್ಷದ ಹಿಂದೆ ಕಾಯಿಲೆ ಹೇಳಿದ ಡಾಕ್ಟರಿಗೆ ನೀವೊಬ್ಬರೇ ಹೋಗಿ ವಿಷಯ ತಿಳಿಸಿ. ಇವರು ಬೇರೆ ಯಾವುದೋ ಜ್ವರ ಕೆಮ್ಮಿಗೆ ಹೋದಾಗ ಅವರೇ ಆ ಮಾತು ಎತ್ತಬಹುದು. ಕಾಲಿನ ಗಾಯ ಒಣಗದಿದ್ದರೆ, ದೃಷ್ಟಿ ಮಂಜಾದರೆ, ತೂಕ ಸುಮ್ಮಸುಮ್ಮನೆ ಇಳಿದರೆ, ಒಪ್ಪಿಗೆಗೆ ಕಾಯುತ್ತಾ ಕೂರದೆ ಅಂದೇ ಕರೆದುಕೊಂಡು ಹೋಗಿ.

ನಿಮ್ಮ ನಿದ್ದೆಗೂ ಇದೇ ವಾರ ಯಾರಾದರೂ ವೈದ್ಯರನ್ನು ಕಾಣಿ. ಅವರು ಟೆಸ್ಟ್‌ಗೆ ಒಪ್ಪಿದ ಮೇಲೆ ನೋಡೋಣ ಎಂದು ಮುಂದೂಡಬೇಡಿ.